ತುದಿ

ಶಿಡ್ಲಘಟ್ಟದಲ್ಲಿ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ.
ನಮ್ಮ ಮನಿಪ್ಲಾಂಟು ಸಾಯಹೊರಟದ್ದು ಮಾತ್ರ
ನೀರು ಹೆಚ್ಚಾಗಿ.

ಬೆಳಿಗ್ಗೆ ಅತ್ತೆ ಒಂದು ಚೊಂಬು,
ಅಕ್ಕಿ ತೊಳೆದದ್ದು ನಾನು,
ಸ್ಕೂಲ್ ಬಾಟಲಿಯಲ್ಲಿ ಉಳಿದದ್ದು ಮಗಳು.
ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.
ಐಸ್‌ಕ್ರೀಮ್ ಡಬ್ಬಕ್ಕೆ ತೂತಿರಲಿಲ್ಲ.

ಎಲೆ ಹಳದಿಯಾಯಿತು.
ಬಾಯಾರಿಕೆ ಅಂದುಕೊಂಡು ಇನ್ನಷ್ಟು ಹೊಯ್ದೆವು.

ಪಕ್ಕದ ಖೈರುನ್ನೀಸಾ ಬಂದು ಮೂಸಿದಳು.
ಇಪ್ಪತ್ತು ವರ್ಷ ರೇಷ್ಮೆ ಬಿಚ್ಚಿ
ಬಿಸಿನೀರಲ್ಲಿ ಬೆಂದ ಬೆರಳು ಅವಳದು.
"ಗೂಡೊಳಗೆ ಹುಳ ಕೊಳೆತರೂ ಇದೇ ವಾಸನೆ"
ಎಂದವಳೇ ಡಬ್ಬ ಬೋರಲು ಹಾಕಿದಳು.

ಕರ್ರಗೆ, ಲೊಳಲೊಳ. ಹಿಡಿದರೆ ಸಿಪ್ಪೆ ಜಾರಿ
ಒಳಗೊಂದು ಸಣ್ಣ ನಾರು.
"ಇದು ನೂಲಲ್ಲ, ಬಿಡು"
ಕತ್ತರಿ ಆಡಿತು.

ಆಮೇಲೆ, ಕುದಿವ ಬಾಣಲೆಯಲ್ಲಿ
ಎಳೆಯ ತುದಿ ಹುಡುಕುವ ಹಾಗೆ
ಕಣ್ಣು ಬೀದಿಯ ಮೇಲಿಟ್ಟು, ಮಾತಾಡುತ್ತಲೇ
ಹಿಡಿದಳು:
ಕಿರುಬೆರಳುದ್ದ, ಬಿಳಿ, ಗಟ್ಟಿ.

ಕಾದ ಮೊಳೆಯಿಂದ ಐದು ತೂತು,
ಮರಳು, ಅವಳ ಒಲೆಯದೇ ಇದ್ದಿಲು.
"ಹತ್ತು ದಿನ ಯಾರೂ ಪ್ರೀತಿ ಮಾಡಬೇಡಿ ಇದನ್ನ."

ಇವತ್ತು ಏಳನೇ ದಿನ. ನಲ್ಲಿ ಬಂತು.
ತುಂಬಿದ ಚೊಂಬು ಹಿಡಿದು
ಅತ್ತೆ ಕಿಟಕಿಯ ಹತ್ತಿರ ನಿಂತಿದ್ದರು.
ನಾನು ನೋಡಿದ್ದು ಗೊತ್ತಾಗಿ
ತಾವೇ ಗಟಗಟ ಕುಡಿದುಬಿಟ್ಟರು.