ಚುಕ್ಕಿ ಬಿದ್ದ ಸಾಲು

ಬಿಟೊಮ್ ಊರು. ತೊಂಬತ್ತನಾಲ್ಕರ ನವೆಂಬರು.
ಗಣಿಯಿಂದ ನಿವೃತ್ತನಾದ ಅಲೋಯ್ಜಿ ಗ್ರೆಲಿಕ್
ಎರಡು ಬೂಟಿನ ಡಬ್ಬಿ ತಂದು ನನ್ನ ಮೇಜಿಗೆ ಸುರಿದ.
ಇನ್ನೂರ ಹದಿನಾಲ್ಕು ಚೀಟಿ,
ಚೀಟಿಗೊಂದು ಪಾರಿವಾಳ:
ಕಾಲಿನ ಉಂಗುರದ ನಂಬರು, ಅಪ್ಪ, ಅಮ್ಮ, ಗರಿಯ ಬಣ್ಣ,
ಎಲ್ಲಿ ಹಾರಿಬಿಟ್ಟದ್ದು, ಎಷ್ಟು ಹೊತ್ತಿಗೆ ಗೂಡು ಸೇರಿದ್ದು.
'ಇಷ್ಟನ್ನೂ ಕಂಪ್ಯೂಟರಿಗೆ ತುಂಬಿಕೊಡಿ, ಲುದ್ಮಿವಾ ಮೇಡಂ.
ಕರೆದರೆ ಓಗೊಡಬೇಕು, ಅಷ್ಟೇ.'

ಪಾಸ್ಕಲ್ ಬರುತ್ತದೆ ನನಗೆ, ಮಕ್ಕಳಿಗೆ ಕಲಿಸುವಷ್ಟು.
ಕಡತ, ಸೂಚಿ, ಹುಡುಕಾಟ ಎಲ್ಲ ಬುಡದಿಂದ ಬರೆಯಹೊರಟರೆ
ಅಷ್ಟರಲ್ಲಿ ಹಕ್ಕಿಗಳಿಗೆ ಮರಿಮಕ್ಕಳಾಗಿರುತ್ತವೆ.
'ಒಂದು ಲೈಬ್ರರಿ ಕೊಳ್ಳಬೇಕು' ಅಂದೆ.
'ಗಣಿ ಕಾಲೊನಿಯದು ಮುಚ್ಚಿತಲ್ಲ,
ಈಗಲ್ಲಿ ಹಳೇ ಬಟ್ಟೆ ತೂಕಕ್ಕೆ ಮಾರುತ್ತಾರೆ.'
ಆ ಲೈಬ್ರರಿ ಅಲ್ಲ ಎಂದು ತಿಳಿಸುವಷ್ಟರಲ್ಲಿ
ಚಹಾ ಆರಿತು.

ಜರ್ಮನಿಯದೊಂದು, ಹೊಳೆಯುವ ರಟ್ಟಿನ ಪೆಟ್ಟಿಗೆಯಲ್ಲಿ:
ನಲವತ್ತೈದು ಲಕ್ಷ ಜ್ಲೋಟಿ.
ಅವನ ಪಿಂಚಣಿಯಲ್ಲಿ ಅದನ್ನು ಕಳೆದರೆ
ಹಕ್ಕಿಗಳ ಮೆಕ್ಕೆಜೋಳಕ್ಕೆ ಸಾಕು, ಅವನ ಬ್ರೆಡ್ಡಿಗೆ ಸಾಲದು.
ಇನ್ನೊಂದು ಬಿಟ್ಟಿ.
ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ!
ಆದರೆ ವಿವರಣೆಯೆಲ್ಲ ಫಿನ್ನಿಷ್ ಭಾಷೆ,
ಇನ್ನೂರು ಸಾಲಿಗೆ ಬಾಗಿಲು ಹಾಕಿಕೊಳ್ಳುತ್ತದೆ.
'ಹದಿನಾಲ್ಕನ್ನು ಬಿಡಿ' ಅಂದೆ.
ಅಲೋಯ್ಜಿ ಚೀಟಿಗಳನ್ನು ನೋಡಿದ,
ಆಮೇಲೆ ನನ್ನನ್ನು.
ಆ ಮಾತು ಮತ್ತೆ ಎತ್ತಲಿಲ್ಲ ನಾನು.

ಮೂರನೆಯದು ಬ್ರನೋದ ಯಾರೋ ಒಬ್ಬನದು,
ಇಪ್ಪತ್ತು ಡಾಲರು,
ಜೆರಾಕ್ಸ್ ಮಾಡಿದ ಹನ್ನೊಂದು ಪುಟದ ಕೈಪಿಡಿ.
ಅಗ್ಗದ ಮಾಲಿನ ಹುಳುಕು ಮೊದಲೇ ಹೇಳಬೇಕಲ್ಲ, ಹೇಳಿದೆ:
'ಅಳಿಸು ಅಂದರೆ ಇದು ಅಳಿಸುವುದಿಲ್ಲ.
ಸಾಲಿನ ಮುಂದೊಂದು ಚುಕ್ಕಿ ಇಟ್ಟು ಸುಮ್ಮನಾಗುತ್ತದೆ.
ಪರದೆಗೆ ಬಾರದು, ಆದರೆ ಒಳಗೆ ಇದ್ದೇ ಇರುತ್ತದೆ,
ಗುಡಿಸು ಎಂದು ನಾವೇ ಬೇರೆ ಆಜ್ಞೆ ಕೊಡುವ ತನಕ.
ದುಬಾರಿಯದಾದರೆ ತಾನೇ ಗುಡಿಸಿಕೊಳ್ಳುತ್ತದೆ.'

ಅವನು ರಾಶಿಯಿಂದ ಒಂದು ಚೀಟಿ ಎಳೆದ.
ನೀಲಿ ಹೆಣ್ಣು. ಎಂಬತ್ತೊಂಬತ್ತು. ಮ್ಯಾಗ್ಡೆಬರ್ಗ್.
ಮರಳಿದ ಹೊತ್ತು: ಖಾಲಿ.
'ಸತ್ತಿದೆ ಅಂತ ಬರೆಯಲೇ?'
'ನೋಡಿದವರು ಯಾರು?'

ಸ್ವಲ್ಪ ಹೊತ್ತು ಬಿಟ್ಟು, ಕಿಟಕಿಗೆ ಹೇಳುವಂತೆ:
'ಕೆಳಗಿಳಿಯುವಾಗ ನಮಗೂ ನಂಬರಿತ್ತು, ಹಿತ್ತಾಳೆ ಬಿಲ್ಲೆ.
ಮೇಲೆ ಬಂದವನು ತನ್ನದನ್ನು ತಾನೇ ಮೊಳೆಗೆ ಹಾಕಬೇಕು.
ಎಪ್ಪತ್ತಾರರಲ್ಲಿ ಮೂರು ಮೊಳೆ ಬರಿದಾಗೇ ಉಳಿದವು.
ಹಲಗೆಗೆ ಎರಡು ಸಲ ಬಣ್ಣ ಬಳಿದರು.
ಮೊಳೆ ಕೀಳಲಿಲ್ಲ ಯಾರೂ.'

ಇಪ್ಪತ್ತು ಡಾಲರಿನ ನೋಟು
ಕಾರ್ಬನ್ ಪೇಪರಿನಲ್ಲಿ ಸುತ್ತಿ,
ಅಂಚೆಯವರ ಕಣ್ಣಿಗೆ ಬೀಳದಂತೆ ಬ್ರನೋಗೆ ಕಳಿಸಿದೆವು.
ಡಿಸೆಂಬರಿಗೆ ಡಿಸ್ಕೆಟ್ ಬಂತು, ಮೂಲೆ ಸ್ವಲ್ಪ ಬಾಗಿ.

ಜನವರಿಗೆ ಸರಕಾರ ಹಣದ ಬಾಲದಿಂದ
ನಾಲ್ಕು ಸೊನ್ನೆ ಕತ್ತರಿಸಿತು.
ಮರಿಯ ಬೆಲೆಗೆಂದು ನಾನು ಬಿಟ್ಟ ಎಂಟು ಅಂಕಿಯ ಜಾಗದಲ್ಲಿ
ಈಗೊಂದು ಹನ್ನೆರಡು ಒಂಟಿಯಾಗಿ ಕೂತಿದೆ,
ದೊಡ್ಡಣ್ಣನ ಕೋಟು ತೊಟ್ಟ ಹುಡುಗನ ಹಾಗೆ.
ಅದನ್ನು ತಿದ್ದಬೇಕು. ತಿದ್ದಿಲ್ಲ ಇನ್ನೂ.

ಮೆನುವಿನಲ್ಲಿ ಏಳು ಆಯ್ಕೆ ಇಟ್ಟಿದ್ದೇನೆ.
ಏಳನೆಯದು ಅವನು ಕೇಳಿ ಹಾಕಿಸಿಕೊಂಡದ್ದು:
ಚುಕ್ಕಿ ಬಿದ್ದವರನ್ನು ತೋರಿಸು.
ಗುಡಿಸುವ ಆಜ್ಞೆ ಕೈಪಿಡಿಯ ಒಂಬತ್ತನೇ ಪುಟದಲ್ಲಿದೆ,
ಅಲ್ಲೇ ಇರಲಿ.
ಭಾನುವಾರ ಚರ್ಚಿನಿಂದ ನೇರ ಬರುತ್ತಾನೆ,
ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು
ಒಂದೇ ಬೆರಳಲ್ಲಿ ಏಳನ್ನು ಒತ್ತುತ್ತಾನೆ.
'ಡಿಸ್ಕು ತುಂಬುತ್ತದೆ ಅಲೋಯ್ಜಿ' ಅನ್ನುತ್ತೇನೆ.
'ಅದಕ್ಕಿನ್ನೂ ಜಾಗವಿದೆ' ಅನ್ನುತ್ತಾನೆ,
ಕಾಳಿನ ಚೀಲ ಬಾಗಿಲ ಹತ್ತಿರ ಸೋರುತ್ತಿರುತ್ತದೆ.