ಕೊಂಡಿ

ಹೊಸೂರು, ಬಾಗಲೂರು ರಸ್ತೆ, ತಂಗವೇಲುವಿನ ಶೆಡ್ಡು.
ಎರಡು ಟ್ರೇಲರುಗಳು ಬಿಸಿಲಲ್ಲಿ ಮೂಗು ಊರಿ ನಿಂತಿವೆ,
ಎತ್ತು ಬಿಚ್ಚಿದ ಗಾಡಿಗಳ ಹಾಗೆ.

ಒಂದು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ: ಹಾಸಿಗೆ, ಕಿಟಕಿ,
ಒಲೆಗೊಂದು ಗೂಡು, ಐಸ್ ಪೆಟ್ಟಿಗೆ.
ಇನ್ನೊಂದು ಬರೀ ತಗಡು. ಮುಚ್ಚಳ ಎತ್ತಿ
ಚಪ್ಪಲಿ ಬಿಟ್ಟು ಒಳಗೆ ಮಲಗಿ ನೋಡಿದೆ,
ಪೇಂಟಿನ ವಾಸನೆ, ತಲೆಯ ಮೇಲೆ ಒಂಬತ್ತು ರಿವೆಟ್ಟು.
ಮಗ್ಗುಲು ಬದಲಿಸಬೇಕೆಂದರೆ
ಇಬ್ಬರೂ ಒಟ್ಟಿಗೇ ಬದಲಿಸಬೇಕು.

ತಂಗವೇಲು ತೂಕ ಹೇಳುವುದು ತಮಿಳಿನಲ್ಲಿ,
ನಾನು ಚೌಕಾಸಿಗಿಳಿಯುವುದು ತೆಲುಗಿನಲ್ಲಿ,
ಇವರು ಕೂಡಿ ಕಳೆಯುವುದು ಮಾತ್ರ ಕನ್ನಡದಲ್ಲಿ, ತುಟಿಯೊಳಗೆ.

ಇಪ್ಪತ್ತಾರು ವರ್ಷ ವಾಚಿಗೆ ಮುಳ್ಳು ಕೂರಿಸಿದ ಕಣ್ಣು ನನ್ನದು.
"ಆ ಕೊಡೆಯದರ ಎಡಗಡೆ ಗಾಲಿ ಕೂದಲೆಳೆಯಷ್ಟು ಓರೆ" ಅಂದೆ.
ತಂಗವೇಲು ದಾರ ಹಿಡಿದು ನೋಡಿದ.
ಮಾತಾಡಲಿಲ್ಲ; ಸ್ಪ್ಯಾನರ್ ತಂದ.

ಕೊಂಡಿ ಸಿಕ್ಕಿಸಿ ಅದನ್ನೇ ಎಳೆದುಕೊಂಡು
ಕೆರೆ ಏರಿಯ ತನಕ ಹೋಗಿ ಬಂದರು, ಒಬ್ಬರೇ.
ಹೆಲ್ಮೆಟ್ ತೆಗೆದರೆ ಮುಖವೆಲ್ಲ ಹಬ್ಬ:
"ಹಿಂದೆ ಏನಾದರೂ ಇದೆ ಅಂತ
ಗೊತ್ತೇ ಆಗಲ್ಲ ಕಣೇ!"

ಧನುಷ್ಕೋಡಿಗೂ ಗೋಕರ್ಣಕ್ಕೂ
ಇವರ ಬೆನ್ನ ಹಿಂದೆಯೇ ಹೋಗಿಬಂದವಳು ನಾನು,
ಘಾಟಿಯ ತಿರುವಿನಲ್ಲಿ
ಇವರು ವಾಲುವ ಮೊದಲೇ ವಾಲಿದವಳು.

"ತಂಗವೇಲು, ಆ ತಗಡಿನದು ಹೇಗೆ?"
ಅವನು ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡ.
ಅದು ಸ್ವಲ್ಪ ಜಗ್ಗುತ್ತದಂತೆ,
ಇಳಿಜಾರಿನಲ್ಲಿ ನೂಕುತ್ತದಂತೆ.

ಜಗ್ಗಲಿ.
ಅಡ್ವಾನ್ಸು ಅದಕ್ಕೇ ಎಣಿಸಿದೆ.