ಅರ್ಜಿಯ ಮೂರನೇ ಕಲಮು

ಅಕ್ಷರ ದುಂಡಗಿದೆಯೆಂದು ನನ್ನ ಕೈಲೇ ಬರೆಸಿದರು ಅರ್ಜಿ.
ಕೀಲುಕೋಟೆಯ ಈ ಅಡ್ಡರಸ್ತೆಯಿಂದ ಹನ್ನೊಂದು ಸಹಿ,
ಒಂದು ಹೆಬ್ಬೆಟ್ಟು. ಅದು ಸೊಣ್ಣಪ್ಪನವರದು.
ಸಹಿ ಬರುತ್ತದೆ ಅವರಿಗೆ,
ಸಿಟ್ಟಿಗೆ ಹೆಬ್ಬೆಟ್ಟೇ ಸರಿ ಅಂದರು.

ಕಲಮು ಒಂದು, ಗದ್ದಲ.
ಕಲಮು ಎರಡು, ನಮ್ಮ ಗೇಟುಗಳಿಗೆ ಅಡ್ಡ ನಿಲ್ಲುವ ಆಟೋ, ಸ್ಕೂಟಿ.
ಕಲಮು ಮೂರು, ಬೆಳಗಿನ ಜಾವ ಐದಕ್ಕೇ ಬಾಗಿಲು ತೆಗೆಯುವುದು.
ಐದಕ್ಕೆ ನಾನು ಮನೆಯಲ್ಲೇ ಇರುವುದಿಲ್ಲ.
ಎರಡೇ ಆದರೆ ತೂಕ ಸಾಲದೆಂದು
ಮೂರನೆಯದನ್ನು ಸೇರಿಸಿದವಳು ನಾನೇ.

ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ ನನ್ನದು ರಾತ್ರಿ ಪಾಳಿ.
ಊರು ಏಳುವ ಹೊತ್ತಿಗೆ ಮಲಗುವವಳು,
ಕಿಟಕಿಗೆ ಕಪ್ಪು ಕಂಬಳಿ ಹೊಡೆದು ಹಗಲನ್ನು ಆಚೆಗಿಟ್ಟವಳು.
ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ.
ಹತ್ತಕ್ಕೆ ಗೋಡೆಯಾಚೆ ಒಂದು ಮಗು ‘ನಂದೂ’ ಅನ್ನುತ್ತದೆ,
ಇನ್ನೊಂದು ‘ಇಲ್ಲ, ನಂದೂ’.
ಆ ವಸ್ತು ಯಾವುದೋ, ಮೂರು ತಿಂಗಳಾದರೂ ಇತ್ಯರ್ಥವಿಲ್ಲ.
ಹನ್ನೆರಡಕ್ಕೆ ಇಪ್ಪತ್ತಾರು ಸ್ಟೀಲು ತಟ್ಟೆ,
ನಾ ಮುಂದು ತಾ ಮುಂದೆಂದು ನೆಲಕ್ಕೆ ಬೀಳುತ್ತವೆ.

ಮುನಿರತ್ನಮ್ಮ ಬಂದು ನನ್ನ ಮೆಟ್ಟಿಲ ಮೇಲೆ ನಿಂತಳು.
‘ನರಸಾಪುರದ ಬಸ್ಸು ಐದೂ ನಲವತ್ತಕ್ಕೆ, ಮೇಡಂ.
ನಾನು ಏಳಕ್ಕೆ ತೆಗೆದರೆ
ಮಕ್ಕಳನ್ನ ಬಸ್ಸಿನ ಚಕ್ರಕ್ಕೆ ಕಟ್ಕೊಂಡು ಹೋಗ್ತಾರಾ?’
ಅವಳ ಸೊಂಟದ ಮೇಲಿನ ಮಗು
ನನ್ನ ಐಡಿ ಕಾರ್ಡಿನ ದಾರ ಬಾಯಿಗಿಟ್ಟುಕೊಂಡಿತ್ತು.
ದಾರ ಬಿಡಿಸಿಕೊಂಡೆ. ಮಾತಾಡಲಿಲ್ಲ.

ನಗರಸಭೆಯ ಹುಡುಗ ಬಂದು ಫೋನಿನಲ್ಲಿ ಸದ್ದು ಅಳೆದ.
ಅಂಕಿ ನೆಗೆದದ್ದು ಮೊದಲು ಟೊಮೇಟೊ ಲಾರಿಗೆ,
ಆಮೇಲೆ ಸೊಣ್ಣಪ್ಪನವರ ವಿವರಣೆಗೆ.
ಆದರೂ ಬಾಗಿಲಿಗೊಂದು ಚೀಟಿ ಅಂಟಿಸಿ ಹೋದ:
ಏಳಕ್ಕೆ ಮುಂಚೆ ತೆರೆಯತಕ್ಕದ್ದಲ್ಲ.

ಸೋಮವಾರ.
ಆರಕ್ಕೆ ಬಂದು ‘ಹೋಗಕ್ಕ, ಮಲ್ಕೋ’ ಅನ್ನಬೇಕಾದ ಜಬೀನಾ
ಆರೂವರೆಯಾದರೂ ಇಲ್ಲ, ಏಳಾದರೂ ಇಲ್ಲ.
ರಕ್ತದ ಟ್ಯೂಬುಗಳು ಸ್ಟ್ಯಾಂಡಿನಲ್ಲಿ ಸಾಲುಗಟ್ಟಿದವು.
ನನ್ನ ಕಣ್ಣಿನೊಳಗೆ ಮರಳು.
ಏಳೂ ನಲವತ್ತಕ್ಕೆ ಓಡಿಬಂದಳು,
‘ಮಗೂನ ಎಲ್ಲಿ ಬಿಡ್ಲಿ ಅಕ್ಕ?
ಕೀಲುಕೋಟೆ ಮುನಿರತ್ನಮ್ಮ ಇನ್ಮೇಲೆ ಏಳಕ್ಕಂತೆ.
ಯಾರೋ ಅರ್ಜಿ ಕೊಟ್ಟವ್ರೆ.’

ಯಾರೋ.

ಅವಳ ಚಹಾಕ್ಕೆ ಸಕ್ಕರೆ ಎಷ್ಟೆಂದು ಗೊತ್ತು ನನಗೆ,
ಅವಳ ರಕ್ತದ ಗುಂಪು ಗೊತ್ತು,
ಮಗು ಎಲ್ಲಿರುತ್ತದೆಂದು ಎರಡು ವರ್ಷದಲ್ಲಿ ಕೇಳಿರಲಿಲ್ಲ.
ಎರಡಕ್ಕೆ ಅವಳು ಬಂದು ಕರೆದೊಯ್ಯುವಾಗ
ನಾನು ಕಪ್ಪು ಕಂಬಳಿಯ ಈಚೆ.
ಟ್ಯೂಬಿನ ಚೀಟಿಯ ಮೇಲೆ ಹೆಸರು ಬರೆಯುತ್ತಿದ್ದೆ,
ಅದೇ ದುಂಡು ಅಕ್ಷರ, ಅದೇ ನೀಲಿ ಪೆನ್ನು.
ಕೈ ಅಡ್ಡ ಇಟ್ಟುಕೊಂಡೆ.

ಸಲ್ಲಿಸಿದ ಅರ್ಜಿಯ ಕಲಮು ಹೊಡೆದುಹಾಕಲು ಬರುವುದಿಲ್ಲವಂತೆ,
ಇನ್ನೊಂದು ಅರ್ಜಿ ಬೇಕಂತೆ. ಬರೆದೆ.
ಸಹಿಗೆ ಮನೆಮನೆ ಹತ್ತಿದೆ; ನಾಲ್ಕು ಸಿಕ್ಕವು.
ಸೊಣ್ಣಪ್ಪನವರು ಹೆಬ್ಬೆಟ್ಟು ತೋರಿಸಿದರು,
ಒತ್ತಲಿಲ್ಲ.

ಈಗ ಮತ್ತೆ ಐದಕ್ಕೇ ಬಾಗಿಲು.
ಆಟೋಗಳು ನೀರಿನ ಟ್ಯಾಂಕಿನ ಹತ್ತಿರ ನಿಲ್ಲುತ್ತವೆ,
ಅಲ್ಲಿಂದ ತಾಯಂದಿರು ನಿದ್ದೆಯನ್ನು ಹೆಗಲ ಮೇಲೆ ಹಾಕಿಕೊಂಡು
ನಡೆದು ಬರುತ್ತಾರಂತೆ. ನಾನು ನೋಡಿಲ್ಲ,
ಆ ಹೊತ್ತಿಗೆ ಯಾರದೋ ಸಕ್ಕರೆ ಅಳೆಯುತ್ತಿರುತ್ತೇನೆ.
ಮೊದಲೆರಡು ಕಲಮು ಹಿಂದಕ್ಕೆ ಪಡೆದಿಲ್ಲ.
ನಿದ್ದೆ ನಿದ್ದೆಯೇ.
ಎರಡನೆಯದು ಅರ್ಧ ತೀರಿದೆ, ಮೊದಲನೆಯದು ತೀರುವಂಥದ್ದಲ್ಲ.

ಹತ್ತಕ್ಕೆ ಸರಿಯಾಗಿ, ‘ನಂದೂ’.
‘ಇಲ್ಲ, ನಂದೂ’.
ಎರಡರಲ್ಲಿ ಜಬೀನಾಳ ಮಗು ಯಾವುದಿರಬಹುದು?
ಕಂಬಳಿ ತಲೆಗೆಳೆದುಕೊಂಡು ಗೋಡೆಗೆ ಹೇಳುತ್ತೇನೆ,
ಯಾರಾದರೂ ಒಬ್ಬರಿಗೆ ಕೊಡ್ರೋ ಅದನ್ನ.